800ರ ಕ್ರಿಸ್‌ಮಸ್ ದಿನದ ಕಿರೀಟ: ಶಾರ್ಲಮೇನ್ ಚಕ್ರವರ್ತಿಯಾದ ಪ್ರಸಂಗವನ್ನು ಮೂಲ ಆಕರಗಳಿಂದ ಕಟ್ಟುವ ಬಗೆ

‘ಪಟ್ಟಾಭಿಷೇಕ’ ಎಂಬ ಪದದೊಳಗೆ ಎರಡು ಕೆಲಸಗಳಿವೆ. ಹಣೆಗೆ ಪಟ್ಟ ಕಟ್ಟುವುದು ಒಂದು, ತಲೆಯ ಮೇಲೆ ಅಭಿಷೇಕ ಮಾಡುವುದು ಇನ್ನೊಂದು. ಇಂದಿನ ಫ್ರಾನ್ಸ್, ಜರ್ಮನಿಗಳ ಕಡೆ ಆಳುತ್ತಿದ್ದ ಫ್ರಾಂಕರ ದೊರೆ ಶಾರ್ಲಮೇನನಿಗೆ ಪೋಪ್ ಮೂರನೇ ಲಿಯೋ 800ರ ಡಿಸೆಂಬರ್ 25ರಂದು ರೋಮ್‌ನಲ್ಲಿ ಕಿರೀಟ ಇಟ್ಟದ್ದನ್ನು ಕನ್ನಡದಲ್ಲಿ ಬರೆಯ ಹೊರಟರೆ ಕೈ ತಾನಾಗಿ ‘ಪಟ್ಟಾಭಿಷೇಕ’ ಎಂದು ಬರೆದುಬಿಡುತ್ತದೆ. ಅಲ್ಲಿಗೆ ಅರ್ಧ ತಪ್ಪಾಗಿರುತ್ತದೆ. ಕಿರೀಟದ ಮಾತು ಒಂದಕ್ಕಿಂತ ಹೆಚ್ಚು ಆಕರಗಳಲ್ಲಿ ಇದೆ. ಅವನಿಗೆ ಎಣ್ಣೆ ಹಚ್ಚಿದರು ಎಂದು ಹೇಳುವುದು ಒಂದೇ ಆಕರ, ಅದೂ ರೋಮ್‌ನಿಂದ ಬಹು ದೂರದ್ದು.

ಈ ಪ್ರಸಂಗದ ಬಗ್ಗೆ ಪಾಠ ಮಾಡುವವರು, ಲೇಖನ ಬರೆಯುವವರು, ಅನುವಾದಿಸುವವರು, ಶಾಲೆಯ ನಾಟಕಕ್ಕೆ ದೃಶ್ಯ ಕಟ್ಟುವವರು ಆಕರದಿಂದ ಆಕರಕ್ಕೆ ಹೋಗಿ ಏನು ಗಟ್ಟಿ, ಏನು ಜೊಳ್ಳು ಎಂದು ಬೇರ್ಪಡಿಸಿಕೊಳ್ಳುವ ಕ್ರಮ ಇಲ್ಲಿದೆ. ಮೂಲ ಸಾಲುಗಳು ತೀರ ಚಿಕ್ಕವು. ಐದು ಆಕರಗಳ ಸಾಲುಗಳನ್ನೂ ಅನುವಾದದಲ್ಲಿ ಓದಲು ಒಂದು ಸಂಜೆ ಸಾಕು. ಹೊತ್ತು ಹಿಡಿಯುವುದು ಹೋಲಿಸಿ ನೋಡುವುದಕ್ಕೆ.

ಐದು ಕಂಬಸಾಲು, ಎಂಟು ಅಡ್ಡಸಾಲು

ದೊಡ್ಡ ಹಾಳೆಯೊಂದನ್ನು ಅಡ್ಡಲಾಗಿ ಇಟ್ಟು ಐದು ಕಂಬಸಾಲು ಗೆರೆ ಹಾಕಿ. ಒಂದೊಂದರ ತಲೆಗೆ ಒಂದೊಂದು ಆಕರ.

ಮೊದಲನೆಯದು ಫ್ರಾಂಕ್ ರಾಜ್ಯದ ವಾರ್ಷಿಕ ದಾಖಲೆ, ಅಂದರೆ ಅರಮನೆಯ ವಲಯದಲ್ಲಿ ವರ್ಷವರ್ಷಕ್ಕೆ ಬರೆದಿಟ್ಟದ್ದು. ಇದಕ್ಕೆ ಮುಂದೆ ತಿದ್ದಿದ ಪಾಠವೂ ಇದೆ, ನೀವು ಮೊದಲಿನ ಪಾಠವನ್ನೇ ಹಿಡಿಯಿರಿ. ಎರಡನೆಯದು ‘ಲಿಬೆರ್ ಪೊಂತಿಫಿಕಾಲಿಸ್’ ಎಂಬ ಪೋಪ್‌ಗಳ ಚರಿತ್ರೆಯಲ್ಲಿ ಬರುವ ಲಿಯೋನ ಭಾಗ. ಇದು ಪೋಪ್‌ನ ಕಚೇರಿಯ ಬರವಣಿಗೆ. ಇದರಲ್ಲಿ ಬಹುಪಾಲು ಯಾವ ಚರ್ಚಿಗೆ ಎಷ್ಟು ಬೆಳ್ಳಿ, ಎಷ್ಟು ಬಟ್ಟೆ ಕೊಟ್ಟರು ಎಂಬ ಪಟ್ಟಿಯೇ ತುಂಬಿದೆ. ನಿಮಗೆ ಬೇಕಾದ ಕಥೆ ಆರಂಭದ ಭಾಗದಲ್ಲಿದೆ. ಮೂರನೆಯದು ಲೋರ್ಶ್ (ಜರ್ಮನಿಯ ಒಂದು ಮಠ) ಹೆಸರಿನ ವಾರ್ಷಿಕ ದಾಖಲೆ. ಇದರ ವಿಯೆನ್ನಾ ಹಸ್ತಪ್ರತಿಯ ಹಾಳೆಗಳು ಘಟನೆ ನಡೆದ ಕೆಲವೇ ವರ್ಷಗಳಲ್ಲಿ ಬರೆದವು, ಹಾಗಾಗಿ ಇದರ ಮಾತಿಗೆ ತೂಕ ಹೆಚ್ಚು. ನಾಲ್ಕನೆಯದು ಐನ್‌ಹಾರ್ಡ್ ಬರೆದ ಶಾರ್ಲಮೇನನ ಜೀವನಚರಿತ್ರೆ. ಐನ್‌ಹಾರ್ಡ್ ದೊರೆಯ ಆಸ್ಥಾನದಲ್ಲಿದ್ದವನು ನಿಜ, ಆದರೆ ಬರೆದದ್ದು 814ರಲ್ಲಿ ದೊರೆ ತೀರಿಕೊಂಡ ಮೇಲೆ. ನಿಮಗೆ ಬೇಕಾದದ್ದು 28ನೇ ಅಧ್ಯಾಯ, ಉಡುಪಿನ ವಿಷಯಕ್ಕೆ 23ನೇ ಅಧ್ಯಾಯ. ಐದನೆಯದು ಬೈಜಾಂಟಿಯಮ್ (ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿದ್ದ ಪೂರ್ವದ ರೋಮನ್ ಸಾಮ್ರಾಜ್ಯ) ಕಡೆಯ ಸನ್ಯಾಸಿ ತಿಯೊಫಾನೆಸ್ ಗ್ರೀಕ್‌ನಲ್ಲಿ ಬರೆದ ಚರಿತ್ರೆ. ಆ ಕಡೆಯವರಿಗೆ ಈ ಕಿರೀಟ ತಮ್ಮ ಚಕ್ರವರ್ತಿ ಪದವಿಗೇ ಕೈ ಹಾಕಿದಂತೆ ಕಂಡಿತ್ತು. ಓದುವಾಗ ಅದು ನೆನಪಿರಲಿ.

ಅಡ್ಡಸಾಲುಗಳು ಎಂಟು: ದಿನ, ಜಾಗ, ಕಿರೀಟ, ಜಯಘೋಷ, ನಮಸ್ಕಾರ, ಎಣ್ಣೆ, ಬಿರುದು, ದೊರೆಯ ಮನಸ್ಸು. ಒಟ್ಟು 40 ಮನೆಗಳಾದವು. ಇಲ್ಲಿ ನಿಯಮ ಒಂದೇ: ಆಕರ ಬಾಯಿಬಿಡದ ಕಡೆ ‘ಇಲ್ಲ’ ಎಂದು ಬರೆಯಿರಿ, ಪಕ್ಕದ ಸಾಲಿನಿಂದ ತಂದು ತುಂಬಬೇಡಿ. ಈ ಪ್ರಸಂಗದ ಬಗ್ಗೆ ಓಡಾಡುವ ತಪ್ಪುಗಳಲ್ಲಿ ಹೆಚ್ಚಿನವು ಹೀಗೆ ಹುಟ್ಟಿದವೇ. ಐನ್‌ಹಾರ್ಡ್‌ನ ಅಸಮಾಧಾನ, ತಿಯೊಫಾನೆಸನ ಎಣ್ಣೆ, ಫ್ರಾಂಕರ ಜಯಘೋಷ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಕಲಸಿದರೆ ಯಾರೂ ಕಾಣದ ಒಂದು ಸಮಾರಂಭ ತಯಾರಾಗುತ್ತದೆ.

ದಿನಾಂಕ ಬಿಡಿಸುವುದು

ಲ್ಯಾಟಿನ್ ಆಕರಗಳು ದಿನಾಂಕವನ್ನು ಹಿಂದಕ್ಕೆ ಎಣಿಸುತ್ತವೆ. ಮುಂದಿನ ತಿಂಗಳ ಮೊದಲ ದಿನ ‘ಕಲೆಂಡೆ’. ಅದಕ್ಕೆ ಇಷ್ಟನೇ ದಿನ ಎಂದು ಹೇಳುವಾಗ ಎರಡೂ ತುದಿಯ ದಿನಗಳು ಎಣಿಕೆಗೆ ಸೇರುತ್ತವೆ. ಬಿಡಿಸುವುದು ಸುಲಭ: ನಡೆಯುತ್ತಿರುವ ತಿಂಗಳ ದಿನಗಳಿಗೆ 2 ಕೂಡಿಸಿ, ಕೊಟ್ಟ ಸಂಖ್ಯೆ ಕಳೆಯಿರಿ. ‘ಜನವರಿ ಕಲೆಂಡೆಗೆ 8’ ಎಂದರೆ 31 + 2 − 8 = 25, ಡಿಸೆಂಬರ್ 25. ‘ಮೇ ಕಲೆಂಡೆಗೆ 7’ ಎಂದರೆ 30 + 2 − 7 = 25, ಏಪ್ರಿಲ್ 25, ಲಿಯೋನ ಮೇಲೆ ದಾಳಿ ನಡೆದ ದಿನ. ‘ಫೆಬ್ರವರಿ ಕಲೆಂಡೆಗೆ 5’ ಎಂದರೆ ಜನವರಿ 28, ಶಾರ್ಲಮೇನ್ ಸತ್ತ ದಿನ. ಕೂಡಿಸುವ 2ನ್ನು ಮರೆತರೆ ಲೆಕ್ಕ ಎರಡು ದಿನ ಹಿಂದಕ್ಕೆ ಜಾರುತ್ತದೆ.

ಇದಕ್ಕಿಂತ ದೊಡ್ಡ ಗುಂಡಿ ವರ್ಷದ್ದು. ಫ್ರಾಂಕರ ವಾರ್ಷಿಕ ದಾಖಲೆಯಲ್ಲಿ ಹೊಸ ವರ್ಷ ಹುಟ್ಟುವುದು ಕ್ರಿಸ್‌ಮಸ್ ದಿನ. ಹಾಗಾಗಿ ಕಿರೀಟಧಾರಣೆ ಅಲ್ಲಿ 801ರ ಮೊದಲ ಸಂಗತಿಯಾಗಿ ಬರುತ್ತದೆ. ‘ವರ್ಷದ ಸಂಖ್ಯೆ 801ಕ್ಕೆ ಬದಲಾಯಿತು’ ಎಂದು ಹೇಳಿಯೇ ದಾಖಲೆ ಮುಂದಕ್ಕೆ ಹೋಗುತ್ತದೆ. ಇದನ್ನು ನೋಡಿ ‘801ರಲ್ಲಿ’ ಎಂದು ಬರೆದವರೂ ಇದ್ದಾರೆ, ಒಂದು ವರ್ಷದ ವ್ಯತ್ಯಾಸವಿದೆ ಎಂದು ಗಾಬರಿಯಾದವರೂ ಇದ್ದಾರೆ. ವ್ಯತ್ಯಾಸವೇನೂ ಇಲ್ಲ. ನಮ್ಮ ಎಣಿಕೆಯಲ್ಲಿ ಅದು 800ರ ಡಿಸೆಂಬರ್ 25, ಶುಕ್ರವಾರ. ಇದು ಹಳೆಯ ಜೂಲಿಯನ್ ಪಂಚಾಂಗದ ದಿನ, ಇವತ್ತಿನ ಪಂಚಾಂಗಕ್ಕೆ ತಿರುಗಿಸುವ ಅಗತ್ಯವಿಲ್ಲ. ಇತಿಹಾಸಕಾರರು ಯಾರೂ ತಿರುಗಿಸುವುದಿಲ್ಲ.

ತಿಯೊಫಾನೆಸ್ ‘9ನೇ ಇಂಡಿಕ್ಷನ್’ ಎನ್ನುತ್ತಾನೆ. ಇದು 15 ವರ್ಷದ ಸುತ್ತು, ಸೆಪ್ಟೆಂಬರ್ 1ಕ್ಕೆ ಆರಂಭ. ಪರೀಕ್ಷಿಸಲು ವರ್ಷಕ್ಕೆ 3 ಕೂಡಿಸಿ 15ರಿಂದ ಭಾಗಿಸಿ, ಉಳಿಯುವ ಶೇಷ ನೋಡಿ. ತಿಂಗಳು ಸೆಪ್ಟೆಂಬರ್‌ನಿಂದ ಡಿಸೆಂಬರ್ ಒಳಗಿದ್ದರೆ ವರ್ಷಕ್ಕೆ ಮೊದಲು 1 ಸೇರಿಸಿಕೊಳ್ಳಬೇಕು. 801 + 3 = 804, 15ರಿಂದ ಭಾಗಿಸಿದರೆ ಶೇಷ 9. ಲೆಕ್ಕ ಕೂಡಿಬಂತು. ಆದರೆ ಅವನ ಬರವಣಿಗೆಯಲ್ಲಿ ಒಂದು ತೊಡಕಿದೆ: ಲಿಯೋನ ಮೇಲಿನ ದಾಳಿಯನ್ನು ಹೇಳುವಾಗಲೇ, ಕೆಲವು ವರ್ಷ ಮುಂಚಿನ ದಾಖಲೆಯಲ್ಲಿ, ಕಿರೀಟದ ಸಂಗತಿಯನ್ನೂ ಸೇರಿಸಿ ಮುಗಿಸಿಬಿಡುತ್ತಾನೆ. ಮುಂದೆ ಅದರ ಸ್ವಂತ ವರ್ಷದಲ್ಲಿ ಮತ್ತೊಮ್ಮೆ ಹೇಳುತ್ತಾನೆ. ಎರಡು ಸಲ ಬಂದಿದೆ ಎಂದು ಎರಡು ಸಮಾರಂಭ ಎಣಿಸಬೇಡಿ.

ಹಿಂದಿನ 20 ತಿಂಗಳನ್ನು ಜೋಡಿಸಿಕೊಳ್ಳಿ

ಕಿರೀಟದ ದಿನವೊಂದನ್ನೇ ಹಿಡಿದರೆ ಏನೂ ಅರ್ಥವಾಗುವುದಿಲ್ಲ. 799ರ ಏಪ್ರಿಲ್ 25ರಿಂದ ಶುರುಮಾಡಿ. ಅಂದು ಮೆರವಣಿಗೆಯಲ್ಲಿ ಹೋಗುತ್ತಿದ್ದ ಲಿಯೋನ ಮೇಲೆ ರೋಮ್‌ನ ಎದುರಾಳಿಗಳು ಬಿದ್ದರು. ಮುಂದಾಳುಗಳು ಪಾಸ್ಕಾಲಿಸ್, ಕಾಂಪುಲುಸ್ ಎಂಬ ಇಬ್ಬರು ಹಿರಿಯ ಅಧಿಕಾರಿಗಳು. ಇವರಲ್ಲಿ ಪಾಸ್ಕಾಲಿಸ್ ಹಿಂದಿನ ಪೋಪ್ ಮೊದಲನೇ ಹೇಡ್ರಿಯನ್‌ನ ಬಂಧು. ಕಣ್ಣು ಕೀಳಲು, ನಾಲಿಗೆ ಕತ್ತರಿಸಲು ನೋಡಿದರು. ಮಠದಲ್ಲಿ ಕೂಡಿಹಾಕಿದ್ದ ಲಿಯೋ ರಾತ್ರಿ ತಪ್ಪಿಸಿಕೊಂಡ. ಸ್ಪೊಲೆಟೊದ ಡ್ಯೂಕ್ ಅವನನ್ನು ಕಾಪಾಡಿದ. ಆ ಬೇಸಿಗೆಯಲ್ಲಿ ಲಿಯೋ ಆಲ್ಪ್ಸ್ ದಾಟಿ ಸ್ಯಾಕ್ಸನ್ ನಾಡಿನ ಪಾಡರ್‌ಬೋರ್ನ್‌ಗೆ ಹೋಗಿ ಶಾರ್ಲಮೇನನನ್ನು ಕಂಡ. ಅಲ್ಲಿ ಕಿರೀಟದ ಮಾತಾಯಿತೆಂದು ಈ ಐದು ಆಕರಗಳಲ್ಲಿ ಯಾವುದೂ ಹೇಳುವುದಿಲ್ಲ. ‘ಪಾಡರ್‌ಬೋರ್ನ್‌ನಲ್ಲೇ ಕಿರೀಟದ ಒಪ್ಪಂದವಾಯಿತು’ ಎಂದು ಬರೆಯುವುದಾದರೆ ಅದು ಊಹೆ ಎಂದು ಹೇಳಿ ಬರೆಯಿರಿ.

800ರ ಸಾಲು ಹೀಗಿದೆ. ಜೂನ್ 4ರಂದು ರಾಣಿ ಲಿಯುಟ್ಗಾರ್ಡ್ ಟೂರ್‌ನಲ್ಲಿ ತೀರಿಕೊಂಡಳು. ಹಾಗಾಗಿ ಕ್ರಿಸ್‌ಮಸ್ ದಿನದ ದೃಶ್ಯದಲ್ಲಿ ರಾಣಿಯನ್ನು ನಿಲ್ಲಿಸಬೇಡಿ. ನವೆಂಬರ್ 23ರಂದು ಲಿಯೋ ತಾನೇ ರೋಮ್‌ನಿಂದ 12 ಮೈಲಿ ದೂರದ ಮೆಂಟಾನಾಕ್ಕೆ ಬಂದು ದೊರೆಯನ್ನು ಎದುರುಗೊಂಡ. ಈ ಮೈಲಿಯ ಲೆಕ್ಕ ಬಾಯಿಗೆ ಬಂದ ಅಲಂಕಾರವಲ್ಲ. 663ರಲ್ಲಿ ಬೈಜಾಂಟಿಯಮ್ ಚಕ್ರವರ್ತಿ ಎರಡನೇ ಕಾನ್‌ಸ್ಟಾನ್ಸ್ ರೋಮ್‌ಗೆ ಬಂದಾಗ ಅಂದಿನ ಪೋಪ್ ಹೋಗಿ ನಿಂತದ್ದು 6ನೇ ಮೈಲಿಗಲ್ಲಿನ ಬಳಿ. ಶಾರ್ಲಮೇನನಿಗೆ ಅದರ ಎರಡರಷ್ಟು ದೂರ. ನಮ್ಮ ಕಡೆ ಬೀಗರನ್ನು ಬಾಗಿಲಲ್ಲಿ ಕರೆದುಕೊಳ್ಳುವುದಕ್ಕೂ ಊರಾಚೆ ಹೋಗಿ ಎದುರುಗೊಳ್ಳುವುದಕ್ಕೂ ಇರುವ ಅಂತರ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮರುದಿನ, 24ರಂದು, ಸಂತ ಪೀಟರ್ ದೇವಾಲಯದ ಮೆಟ್ಟಿಲಲ್ಲಿ ಸ್ವಾಗತ. ಒಂದು ವಾರದ ಮೇಲೆ ಸಭೆ ಸೇರಿತು. ಲಿಯೋನ ಮೇಲೆ ಎದುರಾಳಿಗಳು ಹೊರಿಸಿದ್ದ ಆರೋಪಗಳ ವಿಚಾರ ಬಂತು. ಪೋಪ್‌ನ ಮೇಲೆ ತೀರ್ಪು ಕೊಡಲು ಯಾರೂ ಸಿದ್ಧರಾಗಲಿಲ್ಲ. ಡಿಸೆಂಬರ್ 23ರಂದು ಲಿಯೋ ಸುವಾರ್ತೆಯ ಗ್ರಂಥ ಹಿಡಿದು ಪ್ರವಚನ ಪೀಠ ಹತ್ತಿ, ತಾನು ನಿರ್ದೋಷಿ ಎಂದು ಪ್ರಮಾಣ ಮಾಡಿದ. ಅದೇ ದಿನ ಜಕಾರಿಯಾಸ್ ಎಂಬ ಪಾದ್ರಿ ಪೂರ್ವದಿಂದ ಮರಳಿ ಬಂದ. ಜೊತೆಯಲ್ಲಿ ಜೆರುಸಲೇಮಿನ ಧರ್ಮಾಧ್ಯಕ್ಷರು ಕಳಿಸಿದ ಇಬ್ಬರು ಸನ್ಯಾಸಿಗಳು. ಯೇಸುವಿನ ಸಮಾಧಿಯ ಮತ್ತು ಕಲ್ವಾರಿಯ ಕೀಲಿಗಳನ್ನೂ ಒಂದು ಧ್ವಜವನ್ನೂ ಅವರು ದೊರೆಗೆ ಒಪ್ಪಿಸಿದರು. ಮಧ್ಯೆ ಉಳಿದದ್ದು ಒಂದೇ ದಿನ.

ಈ ಸಾಲನ್ನು ಹಾಳೆಯ ಬದಿಯಲ್ಲಿ ಬರೆದುಕೊಂಡರೆ ‘ದೊರೆಗೆ ಏನೂ ಗೊತ್ತಿರಲಿಲ್ಲ’ ಎಂಬ ಕಥೆಯನ್ನು ಎಷ್ಟು ನಂಬಬೇಕೆಂದು ನಿಮಗೇ ತಿಳಿಯುತ್ತದೆ.

ಜಾಗ

ಇಂದು ರೋಮ್‌ನಲ್ಲಿ ಕಾಣುವ, ದೊಡ್ಡ ಗುಮ್ಮಟದ ಸಂತ ಪೀಟರ್ ಬಸಿಲಿಕಾವನ್ನು ಮನಸ್ಸಿನಿಂದ ತೆಗೆದುಹಾಕಿ. ಅದು ಪ್ರತಿಷ್ಠಾಪನೆಯಾದದ್ದು 1626ರಲ್ಲಿ. 800ರಲ್ಲಿ ಅದೇ ಜಾಗದಲ್ಲಿ ಇದ್ದದ್ದು ಕಾನ್‌ಸ್ಟಂಟೈನ್ ಕಾಲಕ್ಕೆ ಸೇರಿದ ಹಳೆಯ ಬಸಿಲಿಕಾ. ಪೂರ್ವಕ್ಕೆ ಬಾಗಿಲು, ಮುಂದೆ ಕಂಬಗಳ ಅಂಗಳ, ಒಳಗೆ ಕಂಬಸಾಲುಗಳು ಐದು ಓಣಿಯಾಗಿ ಭಾಗಿಸಿದ ಉದ್ದನೆಯ ಚಾವಡಿ, ಮೇಲೆ ಮರದ ತೊಲೆಗಳ ಮಾಡು, ಪಶ್ಚಿಮದ ತುದಿಯಲ್ಲಿ ಅರ್ಧವೃತ್ತದ ಗೂಡು. ಆ ಗೂಡಿನ ಮುಂದೆ ಸಂತ ಪೀಟರನ ಸಮಾಧಿ, ಅದರ ಎದುರಿಗೆ ಹೆಣೆದಂತೆ ತಿರುಚಿದ ಅಮೃತಶಿಲೆಯ ಕಂಬಗಳು.

ಅನುವಾದಕರು ಎಡವುವುದು ಇಲ್ಲಿಯೇ. ಆಕರಗಳು ‘ಕಾನ್ಫೆಸಿಯೊ’ದ ಮುಂದೆ ಎನ್ನುತ್ತವೆ. ಅದನ್ನು ‘ತಪ್ಪೊಪ್ಪಿಗೆಯ ಪೀಠ’ ಎಂದು ಮಾಡಿದರೆ ದೊರೆ ಪಾಪ ನಿವೇದಿಸಿಕೊಳ್ಳುತ್ತಿದ್ದ ಎಂಬ ಬೇರೆಯೇ ಕಥೆ ಹುಟ್ಟುತ್ತದೆ. ಇಲ್ಲಿ ಆ ಪದಕ್ಕೆ ಹುತಾತ್ಮನ ಸಮಾಧಿಯ ಮುಂದಿನ ಪವಿತ್ರ ಜಾಗ ಎಂದರ್ಥ. ಕನ್ನಡದಲ್ಲಿ ‘ಸಂತ ಪೀಟರನ ಸಮಾಧಿಯ ಎದುರು’ ಎಂದರೆ ಸಾಕು.

ಈಗಿನ ಬಸಿಲಿಕಾದ ಬಾಗಿಲ ಬಳಿ ನೆಲದಲ್ಲಿ ಕೆಂಪು ಪೊರ್ಫಿರಿ ಕಲ್ಲಿನ ದೊಡ್ಡ ಬಿಲ್ಲೆಯೊಂದಿದೆ. ಶಾರ್ಲಮೇನ್ ಮೊಣಕಾಲೂರಿದ ಕಲ್ಲು ಇದೇ ಎಂದು ತೋರಿಸುತ್ತಾರೆ. ಅದು ಹಳೆಯ ಕಟ್ಟಡದಿಂದ ಬಂದ ಕಲ್ಲು, ನೋಡುವಂಥದ್ದೇ. ಆದರೆ 800ರ ಆಕರಗಳಲ್ಲಿ ಆ ಕಲ್ಲಿನ ಮಾತಿಲ್ಲ. ಹಾಳೆಯ ‘ಜಾಗ’ದ ಸಾಲಿಗೆ ಅದನ್ನು ಸೇರಿಸಬೇಡಿ.

ಸಮಾರಂಭ: ಒಂದೊಂದೇ ಹೆಜ್ಜೆ

ಫ್ರಾಂಕ್ ದಾಖಲೆಯ ಕ್ರಮ ಹೀಗಿದೆ. ದೊರೆ ಪೂಜೆಗೆ ಬಂದಿದ್ದಾನೆ. ಸಮಾಧಿಯ ಎದುರು ಪ್ರಾರ್ಥನೆ ಮುಗಿಸಿ ಏಳುತ್ತಿದ್ದಾನೆ. ಕ್ರಿಯಾಪದದ ರೂಪವೇ ‘ಏಳುತ್ತಿರುವಾಗ’ ಎಂದಿದೆ. ಆಗ ಲಿಯೋ ತಲೆಯ ಮೇಲೆ ಕಿರೀಟ ಇಟ್ಟ. ಆದ್ದರಿಂದ ಅವನನ್ನು ಸಿಂಹಾಸನದಲ್ಲಿ ಕೂರಿಸಿ ಕಿರೀಟ ಇಡುವ ದೃಶ್ಯ ಈ ಆಕರಕ್ಕೆ ಒಗ್ಗುವುದಿಲ್ಲ. ‘ಮಧ್ಯರಾತ್ರಿಯ ಪೂಜೆ’ಯೂ ಬೇಡ, ದಾಖಲೆಯಲ್ಲಿ ‘ಮಿಸ್ಸಾ’ ಎಂದಷ್ಟೇ ಇದೆ.

ಬಳಿಕ ರೋಮನ್ ಜನರೆಲ್ಲರ ಘೋಷ: ‘ದೇವರಿಂದ ಕಿರೀಟ ಪಡೆದ, ಮಹಾನ್, ಶಾಂತಿಕರ, ರೋಮನ್ನರ ಚಕ್ರವರ್ತಿ, ಅಗಸ್ಟಸ್ ಕಾರೊಲುಸನಿಗೆ ಆಯುಸ್ಸೂ ಜಯವೂ ಇರಲಿ!’ ಕಾರೊಲುಸ್ ಎಂದರೆ ಶಾರ್ಲಮೇನನ ಲ್ಯಾಟಿನ್ ಹೆಸರು, ಅಗಸ್ಟಸ್ ಎಂಬುದು ರೋಮನ್ ಚಕ್ರವರ್ತಿಗಳ ಬಿರುದು. ‘ದೇವರಿಂದ’ ಎಂಬ ಪದವನ್ನು ಅನುವಾದದಲ್ಲಿ ಬಿಡಬೇಡಿ. ಕಿರೀಟ ಇಟ್ಟ ಕೈ ಪೋಪ್‌ನದ್ದು, ಆದರೆ ಜನರ ಬಾಯಲ್ಲಿ ಕೊಟ್ಟವನು ದೇವರು. ಮುಂದೆ 400–500 ವರ್ಷ ಪೋಪ್‌ಗಳೂ ಚಕ್ರವರ್ತಿಗಳೂ ಜಗಳವಾಡಿದ್ದೆಲ್ಲ ಈ ಎರಡರ ನಡುವಿನ ಸಂದಿಯಲ್ಲೇ.

ಪೋಪ್ ಚರಿತ್ರೆಯಲ್ಲಿ ಘೋಷ ಸ್ವಲ್ಪ ಬೇರೆ. ‘ಅತಿ ಧರ್ಮಿಷ್ಠ’ ಎಂಬ ವಿಶೇಷಣ ಸೇರಿದೆ, ಘೋಷದೊಳಗೆ ‘ರೋಮನ್ನರ’ ಎಂಬುದಿಲ್ಲ. ಮೂರು ಸಲ ಕೂಗಿದರು, ಸಂತರ ಹೆಸರು ಹೇಳಿ ಪ್ರಾರ್ಥಿಸಿದರು, ಎಲ್ಲರೂ ಸೇರಿ ಅವನನ್ನು ರೋಮನ್ನರ ಚಕ್ರವರ್ತಿಯಾಗಿ ಸ್ಥಾಪಿಸಿದರು ಎಂದಿದೆ. ಕಿರೀಟದ ಬಗ್ಗೆ ‘ಅತ್ಯಮೂಲ್ಯ’ ಎಂಬ ಒಂದು ಮಾತು ಬಿಟ್ಟರೆ ಆಕಾರ, ತೂಕ, ಕಲ್ಲುಗಳ ವಿವರ ಎಲ್ಲಿಯೂ ಇಲ್ಲ.

ನಾಲ್ಕನೇ ಹೆಜ್ಜೆ ಫ್ರಾಂಕ್ ದಾಖಲೆಯಲ್ಲಿ ಮಾತ್ರ ಸಿಗುತ್ತದೆ: ಘೋಷ ಮುಗಿದ ಮೇಲೆ, ಹಳೆಯ ಚಕ್ರವರ್ತಿಗಳಿಗೆ ಸಲ್ಲುತ್ತಿದ್ದ ಪದ್ಧತಿಯಂತೆ, ಪೋಪ್ ಅವನಿಗೆ ‘ಅಡೊರಾಸಿಯೊ’ ಸಲ್ಲಿಸಿದ. ‘ಆರಾಧಿಸಿದ’ ಎಂದು ಅನುವಾದಿಸಿದರೆ ಕೆಟ್ಟಿತು, ದೊರೆ ದೇವರಾಗಿಬಿಡುತ್ತಾನೆ. ನೆಲ ಮುಟ್ಟಿ ಬಾಗುವ ನಮಸ್ಕಾರ ಅದು. ನಮ್ಮಲ್ಲಿ ‘ಅಡ್ಡಬೀಳುವುದು’ ಎಂಬ ಒಳ್ಳೆಯ ಮಾತಿದೆ, ಅದನ್ನೇ ಬಳಸಿ. ಪೋಪ್ ಚರಿತ್ರೆ ಈ ನಮಸ್ಕಾರವನ್ನು ಎತ್ತುವುದೇ ಇಲ್ಲ. ಏಕೆಂದು ಊಹಿಸುವುದು ಕಷ್ಟವಲ್ಲ. ಅದೇ ಮೊದಲು, ಅದೇ ಕೊನೆ: ಮುಂದೆ ಯಾವ ಪೋಪ್ ಕೂಡ ಪಶ್ಚಿಮದ ಚಕ್ರವರ್ತಿಯೊಬ್ಬನಿಗೆ ಹೀಗೆ ಬಾಗಿದ ಉದಾಹರಣೆ ಸಿಗುವುದಿಲ್ಲ.

ಈಗ ಎಣ್ಣೆ. ಪೋಪ್ ಚರಿತ್ರೆಯಲ್ಲಿ ಪವಿತ್ರ ತೈಲದ ಅಭಿಷೇಕ ಇದೆ, ಆದರೆ ತಂದೆಗಲ್ಲ, ಮಗನಿಗೆ. ಮಗನ ಹೆಸರೂ ಕಾರೊಲುಸ್, ಅಂದರೆ ಕಿರಿಯ ಚಾರ್ಲ್ಸ್. ಅದೇ ದಿನ ಅವನನ್ನು ರಾಜನಾಗಿ ಅಭಿಷೇಕಿಸಿದರು. ಒಂದೇ ಹೆಸರು, ಒಂದೇ ದಿನ, ಒಂದೇ ಪೋಪ್. ಅವಸರದಲ್ಲಿ ಓದಿದವರು ಎಣ್ಣೆಯನ್ನು ಅಪ್ಪನ ತಲೆಗೆ ಸುರಿಯುತ್ತಾರೆ. ತಿಯೊಫಾನೆಸ್ ಇನ್ನೂ ಮುಂದೆ ಹೋಗಿ ‘ತಲೆಯಿಂದ ಪಾದದವರೆಗೆ’ ಎಣ್ಣೆ ಹಚ್ಚಿ, ಚಕ್ರವರ್ತಿಯ ಉಡುಪು ತೊಡಿಸಿ, ಕಿರೀಟ ಇಟ್ಟರು ಎನ್ನುತ್ತಾನೆ. ಆ ಕಾಲಕ್ಕೆ ಬೈಜಾಂಟಿಯಮ್‌ನಲ್ಲಿ ಚಕ್ರವರ್ತಿಗೆ ಎಣ್ಣೆ ಹಚ್ಚುವ ವಾಡಿಕೆ ಇರಲಿಲ್ಲ. ಹಾಗಾಗಿ ಅದು ಪರಕೀಯರ ವಿಚಿತ್ರ ಆಚಾರವಾಗಿ ಕಂಡಿರಬಹುದು, ಮಗನ ಅಭಿಷೇಕದ ಸುದ್ದಿಯೇ ದಾರಿಯಲ್ಲಿ ತಂದೆಗೆ ಅಂಟಿಕೊಂಡಿರಬಹುದು. ಲೋರ್ಶ್ ದಾಖಲೆಯಲ್ಲಿ ಲಿಯೋ ‘ಪವಿತ್ರೀಕರಿಸಿದ’ ಎಂಬರ್ಥದ ಪದವಿದೆ, ಎಣ್ಣೆಯ ಮಾತಿಲ್ಲ. ಅದಕ್ಕೇ ಹಿರಿಯನಿಗೆ ‘ಕಿರೀಟಧಾರಣೆ’, ಕಿರಿಯನಿಗೆ ‘ಅಭಿಷೇಕ’ ಎಂದು ಪದ ಬೇರೆ ಮಾಡಿ ಬರೆಯಿರಿ.

ಉಡುಪಿನ ಬಗ್ಗೆ ಒಂದು ಮಾತು. ಶಾರ್ಲಮೇನ್ ಫ್ರಾಂಕರ ಉಡುಪನ್ನೇ ಇಷ್ಟಪಡುತ್ತಿದ್ದ, ಉದ್ದನೆಯ ನಿಲುವಂಗಿ, ಹೊದಿಕೆ, ರೋಮನ್ ಪಾದರಕ್ಷೆಗಳನ್ನು ರೋಮ್‌ನಲ್ಲಿ ಎರಡೇ ಸಲ ತೊಟ್ಟ, ಒಮ್ಮೆ ಹೇಡ್ರಿಯನ್ ಕೇಳಿದಾಗ, ಇನ್ನೊಮ್ಮೆ ಲಿಯೋ ಕೇಳಿದಾಗ ಎಂದು ಐನ್‌ಹಾರ್ಡ್ ಬರೆಯುತ್ತಾನೆ. ಎರಡನೆಯದು ಕ್ರಿಸ್‌ಮಸ್ ದಿನವೇ ಎಂದು ಅವನು ಹೇಳುವುದಿಲ್ಲ. ನಾಟಕದವರು ತೊಡಿಸಿದರೆ ತೊಡಿಸಲಿ, ಲೇಖನದವರು ಜಾಗ್ರತೆ.

ಗೊತ್ತಿತ್ತೋ, ಗೊತ್ತಿರಲಿಲ್ಲವೋ

ಪೋಪ್‌ನ ಉದ್ದೇಶ ಮೊದಲೇ ತಿಳಿದಿದ್ದರೆ, ದೊಡ್ಡ ಹಬ್ಬವಾಗಿದ್ದರೂ ಆ ದಿನ ಚರ್ಚಿನೊಳಗೆ ಕಾಲಿಡುತ್ತಿರಲಿಲ್ಲ ಎಂದು ದೊರೆ ಹೇಳಿದನೆಂದು ಐನ್‌ಹಾರ್ಡ್‌ನ 28ನೇ ಅಧ್ಯಾಯದಲ್ಲಿದೆ. ಲೋರ್ಶ್ ದಾಖಲೆಯದ್ದು ಇದಕ್ಕೆ ಎದುರು ಮಾತು. ಗ್ರೀಕರಲ್ಲಿ ಚಕ್ರವರ್ತಿ ಎಂಬ ಹೆಸರು ಇಲ್ಲವಾಗಿದೆ, ಅಲ್ಲಿ ಹೆಂಗಸಿನ ಆಳ್ವಿಕೆ ನಡೆದಿದೆ, ಸೀಸರರು ಕೂರುತ್ತಿದ್ದ ರೋಮ್ ಈ ದೊರೆಯ ಕೈಯಲ್ಲೇ ಇದೆ, ಇಟಲಿ, ಗಾಲ್, ಜರ್ಮೇನಿಯಗಳ ಪೀಠಗಳೂ ಇವೆ, ಆದ್ದರಿಂದ ಹೆಸರೂ ಅವನಿಗೇ ಸಲ್ಲಬೇಕು ಎಂದು ಪೋಪ್, ಸಭೆಯ ಧರ್ಮಗುರುಗಳು, ಜನ ಎಲ್ಲರೂ ತೀರ್ಮಾನಿಸಿದರು, ದೊರೆ ಆ ಕೋರಿಕೆಯನ್ನು ತಳ್ಳಿಹಾಕಲಿಲ್ಲ ಎಂಬುದು ಅದರ ಹೇಳಿಕೆ. ಹೆಂಗಸು ಎಂದರೆ ರಾಣಿ ಐರೀನ್. 797ರಲ್ಲಿ ತನ್ನ ಮಗ ಆರನೇ ಕಾನ್‌ಸ್ಟಂಟೈನನ ಕಣ್ಣು ಕೀಳಿಸಿ ತಾನೇ ಆಳತೊಡಗಿದ್ದಳು.

ಎರಡರಲ್ಲಿ ಒಂದನ್ನೇ ಆರಿಸಲೇಬೇಕೆಂದರೆ ನಮ್ಮ ಒಲವು ಲೋರ್ಶ್ ಕಡೆಗೆ. ಅದು ಹತ್ತಿರದ ಕಾಲದ್ದು, 12 ಮೈಲಿಯ ಸ್ವಾಗತಕ್ಕೂ ಡಿಸೆಂಬರ್‌ನ ಸಭೆಗೂ ಹೊಂದಿಕೊಳ್ಳುತ್ತದೆ. ಆದರೆ ಐನ್‌ಹಾರ್ಡ್‌ನನ್ನು ಸುಳ್ಳುಗಾರ ಎಂದು ಬದಿಗೆ ಸರಿಸುವುದೂ ಸರಿಯಲ್ಲ. ದೊರೆಗೆ ಬೇಸರವಾದದ್ದು ಬಿರುದಿನ ಬಗ್ಗೆಯಲ್ಲ, ಅದು ಬಂದ ರೀತಿಯ ಬಗ್ಗೆ ಎಂದು ಓದಲು ದಾರಿಯಿದೆ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಚಕ್ರವರ್ತಿಯನ್ನು ಚಕ್ರವರ್ತಿ ಮಾಡುತ್ತಿದ್ದದ್ದು ಸೈನ್ಯ, ಸೆನೆಟ್, ಜನರ ಜಯಘೋಷ. ರೋಮ್‌ನಲ್ಲಿ ಮೊದಲು ಪೋಪ್‌ನ ಕೈ ಬಂತು, ಘೋಷ ಆಮೇಲೆ. ಕೈ ಮೊದಲು ಬಂದರೆ ಕೊಡುವವನು ದೊಡ್ಡವನಾಗುತ್ತಾನೆ.

ಇದು ಕನ್ನಡ ಓದುಗರಿಗೆ ಹೊಸ ವಿಚಾರವಲ್ಲ. ಶಾರ್ಲಮೇನನ ಸಮಕಾಲೀನನೇ ಆದ ಗಂಗರ ಶಿವಮಾರನ ಹಣೆಗೆ ರಾಷ್ಟ್ರಕೂಟ ಗೋವಿಂದನೂ ಪಲ್ಲವ ನಂದಿವರ್ಮನೂ ಕೈಯಾರೆ ಪಟ್ಟ ಕಟ್ಟಿದರೆಂದು ಗಂಗರ ತಾಮ್ರಶಾಸನ ಹೇಳುತ್ತದೆ. ಕಟ್ಟಿದ ಕೈ ಯಾರದ್ದು ಎಂಬುದನ್ನು ಶಾಸನ ಬರೆಸಿದವರು ಮರೆಯಲಿಲ್ಲ. ತರಗತಿಯಲ್ಲಿ ಕಾಲ ಹೊಂದಿಸಲು ಇದೇ ಕೊಂಡಿ ಸಾಕು: ರಾಷ್ಟ್ರಕೂಟ ಮೂರನೇ ಗೋವಿಂದನ ಆಳ್ವಿಕೆ ಮುಗಿದು ಅಮೋಘವರ್ಷ ಪಟ್ಟಕ್ಕೆ ಬಂದದ್ದು 814ರಲ್ಲಿ, ಶಾರ್ಲಮೇನ್ ಆಖೆನ್‌ನಲ್ಲಿ ತೀರಿಕೊಂಡದ್ದೂ 814ರಲ್ಲಿ. ಇವರಿಬ್ಬರ ನಡುವೆ ವ್ಯವಹಾರವಿತ್ತು ಎಂದು ಮಾತ್ರ ಬೆಳೆಸಬೇಡಿ.

ಶಾರ್ಲಮೇನ್ ತನ್ನ ಇನ್ನೊಬ್ಬ ಮಗ ಲೂಯಿಯ ವಿಷಯದಲ್ಲಿ ಏನು ಮಾಡಿದ ಎಂಬುದು ಈ ವಾದಕ್ಕೆ ಒಳ್ಳೆಯ ಒರೆಗಲ್ಲು. 813ರ ಸೆಪ್ಟೆಂಬರ್‌ನಲ್ಲಿ ಆಖೆನ್‌ನಲ್ಲಿ ಲೂಯಿಯನ್ನು ಸಹಚಕ್ರವರ್ತಿ ಮಾಡಿದ. ರೋಮ್ ಇಲ್ಲ, ಪೋಪ್ ಇಲ್ಲ. ಆದರೆ 816ರಲ್ಲಿ ಪೋಪ್ ನಾಲ್ಕನೇ ಸ್ಟೀಫನ್ ರೈಮ್ಸ್‌ವರೆಗೆ ಬಂದು ಲೂಯಿಗೆ ಮತ್ತೆ ಕಿರೀಟ ಇಟ್ಟ, ಜೊತೆಗೆ ಎಣ್ಣೆಯನ್ನೂ ಹಚ್ಚಿದ. ಚಕ್ರವರ್ತಿಗೆ ಪಟ್ಟವೂ ಅಭಿಷೇಕವೂ ಒಟ್ಟಿಗೆ ಬಂದದ್ದು ಅಲ್ಲಿಂದ. ‘ಪಟ್ಟಾಭಿಷೇಕ’ ಎಂಬ ಪದವನ್ನು ಅಲ್ಲಿ ಧಾರಾಳವಾಗಿ ಬಳಸಿ.

ಬಿರುದು ಬರೆಯುವಾಗ

ಕ್ರಿಸ್‌ಮಸ್ ದಿನ ಜನ ಕೂಗಿದ್ದು ‘ರೋಮನ್ನರ ಚಕ್ರವರ್ತಿ’ ಎಂದು. ಅವನ ಸ್ವಂತ ಸನ್ನದುಗಳಲ್ಲಿ ಆ ರೂಪ ಕಾಣುವುದಿಲ್ಲ. 801ರ ಮೇ 29ರ ಸನ್ನದಿನಿಂದ ಬಳಕೆಗೆ ಬಂದ ಉದ್ದ ಬಿರುದನ್ನು ತುಂಡು ತುಂಡಾಗಿ ಬಿಡಿಸಿದರೆ ಅದರೊಳಗಿನ ಎಚ್ಚರ ಕಾಣುತ್ತದೆ: ಅತಿ ಪ್ರಸನ್ನ ಅಗಸ್ಟಸ್, ದೇವರಿಂದ ಕಿರೀಟ ಪಡೆದವನು, ಮಹಾನ್ ಶಾಂತಿಕರ ಚಕ್ರವರ್ತಿ, ‘ರೋಮನ್ ಸಾಮ್ರಾಜ್ಯವನ್ನು ನಡೆಸುತ್ತಿರುವವನು’, ಜೊತೆಗೆ ದೇವರ ಕರುಣೆಯಿಂದ ಫ್ರಾಂಕರ ಮತ್ತು ಲೊಂಬಾರ್ಡರ ರಾಜ. ಹಳೆಯ ರಾಜಪದವಿಗಳನ್ನು ಬಿಟ್ಟಿಲ್ಲ. ‘ಪತ್ರೀಸಿಯುಸ್’ ಎಂಬ, 754ರಿಂದ ಮನೆತನಕ್ಕೆ ಬಂದಿದ್ದ ರೋಮ್‌ನ ರಕ್ಷಕನ ಬಿರುದು ಮಾತ್ರ ಬಿದ್ದುಹೋಗಿದೆ. ಫ್ರಾಂಕ್ ದಾಖಲೆಯೂ ಅದನ್ನೇ ಹೇಳುತ್ತದೆ.

ಬೈಜಾಂಟಿಯಮ್ ಈ ಪದವಿಯನ್ನು ಒಪ್ಪಿದ್ದು 812ರಲ್ಲಿ. ಅಲ್ಲಿನ ರಾಯಭಾರಿಗಳು ಆಖೆನ್‌ಗೆ ಬಂದು ಅವನನ್ನು ಚಕ್ರವರ್ತಿ ಎಂದು ಕರೆದರು. ‘ರೋಮನ್ನರ’ ಎಂಬುದನ್ನು ತಮ್ಮಲ್ಲೇ ಉಳಿಸಿಕೊಂಡರು. ತಲೆಗೆ ಎಲೆಮಾಲೆ ತೊಟ್ಟ ಅವನ ಮುಖವಿರುವ, ‘ಕಾರೊಲುಸ್ ಇಂಪೆರಾತೊರ್ ಅಗುಸ್ತುಸ್’ ಎಂದು ಮೊಟಕಾಗಿ ಬರೆದ ಬೆಳ್ಳಿ ನಾಣ್ಯಗಳನ್ನು ಹೆಚ್ಚಿನ ವಿದ್ವಾಂಸರು ಈ ವರ್ಷಗಳಿಗೇ ಇಡುತ್ತಾರೆ. ಉಳಿದಿರುವುದು ಕೆಲವೇ. ಕಿರೀಟಧಾರಣೆಯ ನೆನಪಿಗೆ 800ರಲ್ಲಿ ಹೊಡೆದ ನಾಣ್ಯ ಎಂದು ಚಿತ್ರದ ಕೆಳಗೆ ಬರೆಯಬೇಡಿ.

ಒಂದು ವಾಕ್ಯವನ್ನು ಹಿಡಿದು ತಿದ್ದಿ ನೋಡೋಣ. ‘800ರಲ್ಲಿ ವ್ಯಾಟಿಕನ್ ದೇಶದಲ್ಲಿ ಪೋಪ್ ಶಾರ್ಲಮೇನನಿಗೆ ಪವಿತ್ರ ರೋಮನ್ ಸಾಮ್ರಾಟನಾಗಿ ಪಟ್ಟಾಭಿಷೇಕ ಮಾಡಿದರು, ಅವನಿಗೆ ಇದರ ಸುಳಿವೇ ಇರಲಿಲ್ಲ.’ ವ್ಯಾಟಿಕನ್ ದೇಶವಾದದ್ದು 1929ರಲ್ಲಿ. ‘ಪವಿತ್ರ’ ಎಂಬ ವಿಶೇಷಣ ಸಾಮ್ರಾಜ್ಯಕ್ಕೆ ಅಂಟಿದ್ದು 12ನೇ ಶತಮಾನದಲ್ಲಿ, ‘ಪವಿತ್ರ ರೋಮನ್ ಸಾಮ್ರಾಜ್ಯ’ ಎಂಬ ಪೂರ್ಣ ಹೆಸರು ಬಂದದ್ದು 13ರಲ್ಲಿ. ಅಭಿಷೇಕದ ಮಾತು ಆಗಲೇ ಆಯಿತು. ಸುಳಿವಿರಲಿಲ್ಲ ಎನ್ನುವುದು ಒಬ್ಬ ಐನ್‌ಹಾರ್ಡ್. ತಿದ್ದಿದ ಮೇಲೆ: ‘800ರ ಡಿಸೆಂಬರ್ 25ರಂದು ರೋಮ್‌ನ ಸಂತ ಪೀಟರ್ ಬಸಿಲಿಕಾದಲ್ಲಿ ಪೋಪ್ ಮೂರನೇ ಲಿಯೋ ಫ್ರಾಂಕರ ದೊರೆ ಶಾರ್ಲಮೇನನಿಗೆ ಕಿರೀಟ ಇಟ್ಟ, ನೆರೆದ ರೋಮನ್ನರು ಅವನನ್ನು ಚಕ್ರವರ್ತಿ ಎಂದು ಘೋಷಿಸಿದರು. ತನಗೆ ಮೊದಲೇ ತಿಳಿದಿರಲಿಲ್ಲ ಎಂದು ದೊರೆ ಹೇಳಿದ್ದಾಗಿ ಐನ್‌ಹಾರ್ಡ್ ಬರೆದಿದ್ದಾನೆ.’

ಚಿತ್ರ ಆರಿಸುವಾಗ

ವಿಯೆನ್ನಾದಲ್ಲಿರುವ ಎಂಟು ಮೂಲೆಯ ಚಿನ್ನದ ಕಿರೀಟ ಶಾರ್ಲಮೇನನದ್ದಲ್ಲ. ಅವನು ಸತ್ತು ನೂರಕ್ಕೂ ಹೆಚ್ಚು ವರ್ಷದ ಮೇಲೆ ತಯಾರಾದದ್ದು. ಜರ್ಮನ್ ಚಿತ್ರಕಾರ ಡ್ಯೂರರ್ 1510ರ ದಶಕದಲ್ಲಿ ಬಿಡಿಸಿದ ಹೆಸರಾಂತ ಚಿತ್ರದಲ್ಲಿ ಅದನ್ನೇ ಅವನ ತಲೆಗೆ ಇಟ್ಟಿದ್ದರಿಂದ ಗೊಂದಲ ಬೇರುಬಿಟ್ಟಿದೆ. ವ್ಯಾಟಿಕನ್ ಅರಮನೆಯ ಗೋಡೆಯಲ್ಲಿ ರಾಫೆಲ್‌ನ ಶಿಷ್ಯರು 1516–17ರಲ್ಲಿ ಬಿಡಿಸಿದ ಕಿರೀಟಧಾರಣೆಯಲ್ಲಿ ಲಿಯೋನ ಮುಖ ಅಂದಿನ ಪೋಪ್ ಹತ್ತನೇ ಲಿಯೋದು, ಶಾರ್ಲಮೇನನ ಮುಖ ಫ್ರಾನ್ಸ್‌ನ ಮೊದಲನೇ ಫ್ರಾನ್ಸಿಸ್‌ದು. 16ನೇ ಶತಮಾನದ ರಾಜಕೀಯಕ್ಕೆ ಅದು ಸಾಕ್ಷಿ, 9ನೆಯದಕ್ಕಲ್ಲ. ರೋಮ್‌ನಲ್ಲಿ ಪೋಪ್‌ಗಳ ಹಳೆಯ ಅರಮನೆಯಿದ್ದ ಲ್ಯಾಟರನ್ ಬಳಿಯ ಮೊಸಾಯಿಕ್‌ನಲ್ಲಿ ಸಂತ ಪೀಟರ್ ಒಂದು ಕೈಯಿಂದ ಲಿಯೋಗೂ ಇನ್ನೊಂದರಿಂದ ಶಾರ್ಲಮೇನನಿಗೂ ಕೊಡುತ್ತಿರುವ ದೃಶ್ಯವಿದೆ. ಮೂಲ ಕಲ್ಪನೆ ಲಿಯೋನ ಕಾಲದ್ದು, ಈಗ ಕಾಣುವುದು 18ನೇ ಶತಮಾನದ ಪ್ರತಿ. ಬಳಸಿದರೆ ಅಡಿಬರಹದಲ್ಲಿ ಅಷ್ಟನ್ನೂ ಹೇಳಿ.

ಶಾರ್ಲಮೇನನ ಕಾಲದ ಅಕ್ಷರಗಳನ್ನೇ ನೋಡಬೇಕೆಂದರೆ ರೋಮ್‌ಗೆ ಹೋದಾಗ ಸಂತ ಪೀಟರ್ ಬಸಿಲಿಕಾದ ಮುಖಮಂಟಪದಲ್ಲಿ ನಿಂತು ಗೋಡೆ ಹುಡುಕಿ. 795ರ ಕ್ರಿಸ್‌ಮಸ್ ದಿನ ತೀರಿಕೊಂಡ ಹೇಡ್ರಿಯನ್‌ಗಾಗಿ ದೊರೆ ಫ್ರಾಂಕರ ನಾಡಿನಲ್ಲಿ ಕೆತ್ತಿಸಿ ಕಳಿಸಿದ ಕಪ್ಪು ಕಲ್ಲು ಅಲ್ಲಿದೆ. ಹಳೆಯ ಕಟ್ಟಡ ಕೆಡವಿದಾಗಲೂ ಅದು ಉಳಿಯಿತು. ಪದ್ಯದ ನಡುವೆ ಇಬ್ಬರ ಹೆಸರನ್ನೂ ಒಟ್ಟಿಗೆ ಕೂಡಿಸುವ ಸಾಲು ಬರುತ್ತದೆ: ಹೇಡ್ರಿಯನ್, ಕಾರೊಲುಸ್, ನಾನು ರಾಜ, ನೀನು ತಂದೆ. ‘ರೆಕ್ಸ್’ ಎಂಬ ಮೂರು ಅಕ್ಷರ ಹುಡುಕಿ ಓದಿ. ಆ ಕಲ್ಲಿನಲ್ಲಿ ಅವನಿನ್ನೂ ಚಕ್ರವರ್ತಿಯಾಗಿಲ್ಲ.